ಮುದ್ದೇನಹಳ್ಳಿಯ ಮನೆಯೂ ನಮ್ಮ ಮನೆಗಳೂ

ಚಿಕ್ಕಬಳ್ಳಾಪುರದ ಸಮೀಪದಲ್ಲಿ, ನಂದಿಬೆಟ್ಟದ ಸೀಮೆಯಲ್ಲಿ, ಮುದ್ದೇನಹಳ್ಳಿಯೆಂಬ ಚಿಕ್ಕ ಗ್ರಾಮವಿರುವುದು. 1861ನೆಯ ಇಸವಿಯಲ್ಲಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜನಿಸಿದ ಊರಿದು. ಅವರ ಜನ್ಮಗೃಹವನ್ನು ವಸ್ತುಸಂಗ್ರಹಾಲಯವನ್ನಾಗಿ ಕಾಪಾಡಿಕೊಂಡು ಬಂದಿರುವರು. 1962ರಲ್ಲಿ ದಿವಂಗತರಾದ ಅವರ ಸಮಾಧಿಯೂ ಈ ಊರಿನಲ್ಲಿಯೇ ಇದೆ. ಮೈಸೂರಿನ ದಿವಾನರಾಗಿದ್ದವರ ಮನೆಯೆಂದು ಅರಮನೆಯನ್ನು ನೆನೆದು ಹೋದವರಿಗೆ ಅಚ್ಚರಿಯಾಗದಿರದು. ಇದು ಹಳ್ಳಿಯ ಸಾಧಾರಣ ಕುಟುಂಬದ ಮನೆ.

ಇಂತಹ ಮನೆಯನ್ನು ರಕ್ಷಿಸುವುದು ಒಂದು ವಿಧದಲ್ಲಿ ಸುಲಭವೆಂದೇ ನಮಗೆ ತೋರುತ್ತದೆ. ಅಲ್ಲಿ ಯಾರೂ ವಾಸಮಾಡುವುದಿಲ್ಲ. ಒಲೆ ಹೊತ್ತಬೇಕಾಗಿಲ್ಲ, ಬಚ್ಚಲಿಗೆ ನೀರು ಬರಬೇಕಾಗಿಲ್ಲ. ಆದರೆ ನಮ್ಮ ತಂದೆತಾತಂದಿರು ಸುಮಾರು 1950ರ ಈಚೆಗೆ ಸಿಮೆಂಟು ಕಬ್ಬಿಣಗಳಿಂದ ಹೊಸ ಮಾದರಿಯಲ್ಲಿ ಕಟ್ಟಿಸಿದ ಮನೆಗಳ ಗತಿಯೇನು? ಅವುಗಳಲ್ಲಿ ಜನ ಬದುಕಬೇಕು. ನಿವೇಶನದ ಬೆಲೆ ಏರಿದೊಡನೆ ಕೆಡವಿಬಿಡುವುದೇ ಈಗಿನ ರೂಢಿ.

ಈ ಹೊಸ ಮಾದರಿಯನ್ನು ನಮ್ಮ ನಾಡಿಗೆ ತಂದವರಲ್ಲಿ ಆಟೋ ಕೋನಿಗ್ಸ್‌ಬರ್ಗರ್ ಎಂಬುವರು ಪ್ರಮುಖರು. ಬರ್ಲಿನ್ ನಗರದಲ್ಲಿ 1908ರಲ್ಲಿ ಹುಟ್ಟಿ, ನಾಜಿಗಳ ದೆಸೆಯಿಂದ ದೇಶವನ್ನು ತೊರೆದು, 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಗಳಾಗಿ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅವರು ರಚಿಸಿದ ಕಟ್ಟಡಗಳುಂಟು. ಬಿಸಿಲು ಯಾವ ಕಡೆಯಿಂದ ಬೀಳುವುದು, ಗಾಳಿ ಯಾವ ಕಡೆಯಿಂದ ಬೀಸುವುದು ಎಂಬುದೇ ಅವರ ಮುಖ್ಯ ವಿಚಾರ. ಸಪಾಟಾದ ತಾರಸಿ, ಕಿಟಕಿಯ ಮೇಲೆ ನೀಳವಾದ ಸಜ್ಜ, ಎದುರುಬದುರು ಕಿಟಕಿಗಳು, ಜಾಲಂದ್ರ: ಈ ಬಗೆಯ ಮನೆಯಲ್ಲಿ ಇವು ಅಲಂಕಾರಗಳಲ್ಲ. ಸಜ್ಜವನ್ನು ಒಡೆದು ಕಿಟಕಿಗೆ ದೊಡ್ಡ ಗಾಜು ಹಾಕಿಸಿದವರು ಮರುವರ್ಷವೇ ತಂಪಿನ ಯಂತ್ರವನ್ನು ಕೊಳ್ಳಬೇಕಾಗುವುದು!

ಆದುದರಿಂದ ಜೀರ್ಣೋದ್ಧಾರಕ್ಕೆ ಕೈಯಿಡುವವರು ಮೊದಲು ಮೇಲೆ ನೋಡಬೇಕು. ತಾರಸಿಯಲ್ಲಿ ನೀರು ನಿಂತು ಒಳಗಿಳಿದರೆ ಕಬ್ಬಿಣದ ಸಲಾಕೆ ತುಕ್ಕು ಹಿಡಿಯುವುದು. ತುಕ್ಕಾದ ಕಬ್ಬಿಣ ಉಬ್ಬಿ ಗಾರೆಯನ್ನು ಸೀಳುವುದು. ಸೀಳಿನ ಮೇಲೆ ಬರಿಯ ಸಿಮೆಂಟು ಬಳಿದರೆ ರೋಗವನ್ನು ಮುಚ್ಚಿದಂತಾಯಿತೇ ಹೊರತು ವಾಸಿಮಾಡಿದಂತಲ್ಲ. ಸಡಿಲವಾದುದನ್ನು ಕೆತ್ತಿ, ಸಲಾಕೆಯ ತುಕ್ಕನ್ನು ತೆಗೆದು, ಅನಂತರ ತುಂಬಬೇಕು. ನೀರು ಹರಿದುಹೋಗುವ ಇಳಿಜಾರನ್ನೂ ಸರಿಪಡಿಸಬೇಕು. ಹಳೆಯ ವಿದ್ಯುತ್ ತಂತಿಗಳು ಈಗಿನ ಭಾರವನ್ನು ತಾಳಲಾರವು. ಅವುಗಳಲ್ಲಿ ದಾಕ್ಷಿಣ್ಯ ಬೇಡ.

ಇನ್ನು ಅಡಿಗೆಮನೆ. ಅದು ಹಿಂದಿನವರಿಗೆ ಒಬ್ಬ ಗೃಹಿಣಿ ಮಾತ್ರ ನಿಂತು ದುಡಿಯುವ ಕತ್ತಲೆಯ ಮೂಲೆಯಾಗಿದ್ದಿತು. ಅದನ್ನು ಹಾಗೆಯೇ ಉಳಿಸಬೇಕೆನ್ನುವುದು ನಮ್ಮ ಮನಸ್ಸಿಗೆ ಒಪ್ಪದು. ಭಾರ ಹೊರುವ ಗೋಡೆಯೇ ಅಲ್ಲವೇ ಎಂಬುದನ್ನು ಇಂಜಿನಿಯರರಿಂದ ತಿಳಿದುಕೊಂಡು, ಊಟದ ಕೋಣೆಯ ಕಡೆಗೆ ತೆರೆಯಬಹುದು. ಬಚ್ಚಲಿನಲ್ಲಿ ವೃದ್ಧರಿಗಾಗಿ ಹಿಡಿಕೆಯನ್ನು ಇಡಿಸಿ, ಜಾರದ ನೆಲವನ್ನು ಹಾಕಿಸಬಹುದು. ಕೆಂಪು ಕಾವಿಯ ನಯವಾದ ನೆಲವಿದ್ದರೆ ಮಾತ್ರ ಅದರ ಮೇಲೆ ಹೊಸ ಹಾಸುಬಿಲ್ಲೆಗಳನ್ನು ಅಂಟಿಸಬಾರದು. ಅಂತಹ ನೆಲವನ್ನು ಉಜ್ಜಿ ನುಣುಪುಮಾಡುವ ಕೈಗಳು ಈಗ ವಿರಳ.

ಅವಕಾಶವುಳ್ಳವರು ಮೇಸ್ತ್ರಿಯನ್ನು ಕರೆಯುವ ಮೊದಲು ಒಂದು ಬೇಸಗೆಯನ್ನೂ ಒಂದು ಮಳೆಗಾಲವನ್ನೂ ಆ ಮನೆಯಲ್ಲಿಯೇ ಕಳೆಯಲಿ. ಸಂಜೆಯ ಗಾಳಿ ಯಾವ ಕಿಟಕಿಯಿಂದ ಬರುತ್ತದೆಯೆಂಬುದನ್ನು ಮನೆಯ ಹಿರಿಯ ಹೆಂಗಸರನ್ನು ಕೇಳಿದರೆ ನಕ್ಷೆಗಿಂತ ಮೊದಲೇ ತಿಳಿದೀತು.