ಮೂರು ತಲೆಮಾರು ಕೂತು ನೋಡುವ ಮಾಯೆ

ಮನೆಮಂದಿಯೆಲ್ಲ ಒಟ್ಟಿಗೆ ಕೂತು ಮಾಯಾಮಂತ್ರದ ಸಿನಿಮಾ ನೋಡುವ ಸುಖವೇ ಬೇರೆ. ಒಬ್ಬನೇ ನೋಡಿದರೆ ಅದು ಅರ್ಧ ಸಿನಿಮಾ. ಪಕ್ಕದಲ್ಲಿ ಒಂದು ಮಗು ಇರಬೇಕು, ಮಗುವಿನ ಪಕ್ಕದಲ್ಲಿ ಒಬ್ಬ ಅಜ್ಜಿ ಇರಬೇಕು. ರಾಕ್ಷಸ ಅಬ್ಬರಿಸಿದಾಗ ಮಗು ಅಜ್ಜಿಯ ಸೆರಗಿಗೆ ಮುಖ ಒತ್ತಬೇಕು. ‘ಏನೂ ಆಗಲ್ಲ ಕಣೋ, ಈಗ ಕೃಷ್ಣ ಬರ್ತಾನೆ ನೋಡು’ ಅಂತ ಅಜ್ಜಿ ಕಥೆಗಿಂತ ಮುಂದೆ ಓಡಿ ಧೈರ್ಯ ಹೇಳಬೇಕು. ಹಾಗೆ ಹೇಳುವಾಗ ಅಜ್ಜಿಯ ಕಣ್ಣೂ ಅಷ್ಟೇ ಅರಳಿರಬೇಕು.

ನಮ್ಮ ಕೋಲಾರ ಸೀಮೆಯವರಿಗೆ ಈ ರುಚಿ ಹತ್ತಿದ್ದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮದು ಗಡಿನಾಡು. ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಹಾಗಾಗಿ ರಾಜ್‌ಕುಮಾರ್ ಅವರ ಬಬ್ರುವಾಹನನೂ ನಮ್ಮವನೇ, ಎನ್‌.ಟಿ. ರಾಮರಾವ್ ಅವರ ಕೃಷ್ಣನೂ ನಮ್ಮವನೇ. ಟೂರಿಂಗ್ ಟಾಕೀಸಿನ ಕಾಲದಲ್ಲಿ ಯಾವ ಭಾಷೆಯ ಚಿತ್ರ ಅಂತ ಕೇಳುವವರು ಕಡಿಮೆ. ದೇವರ ಚಿತ್ರವೋ, ಮಾಯಾಮಂತ್ರದ ಚಿತ್ರವೋ ಅಂದರೆ ಸಾಕಿತ್ತು. ನೆಲದ ಮರಳನ್ನು ಗುಡ್ಡೆ ಹಾಕಿಕೊಂಡು ಮಕ್ಕಳು ಎತ್ತರ ಕೂರುತ್ತಿದ್ದವು. ಹಿಂದಿನವರು ಗದರಿಸಿದರೆ ಗುಡ್ಡೆ ಸ್ವಲ್ಪ ತಗ್ಗುತ್ತಿತ್ತು, ರೀಲು ಬದಲಾಗುವಷ್ಟರಲ್ಲಿ ಮತ್ತೆ ಏರುತ್ತಿತ್ತು.

ಇನ್ನೊಂದು ಕಾರಣ ನಮ್ಮ ಬೆಟ್ಟಗುಡ್ಡಗಳೇ. ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟದಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಸೀತಮ್ಮ ಲವಕುಶರನ್ನು ಹೆತ್ತದ್ದು ಅಲ್ಲೇ ಎಂಬುದು ಜನರ ನಂಬಿಕೆ. ಕುರುಡುಮಲೆಯ ಗಣಪನನ್ನು ತ್ರಿಮೂರ್ತಿಗಳೇ ಪ್ರತಿಷ್ಠಾಪಿಸಿದರು ಅನ್ನುತ್ತಾರೆ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಕೈಮುಗಿದರೆ ಚೇಳಿನ ಭಯವಿಲ್ಲ. ಅಂತರಗಂಗೆಯಲ್ಲಿ ಕಲ್ಲುಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ. ಇಂಥ ಊರುಗಳಲ್ಲಿ ಬೆಳೆದ ಮಗುವಿಗೆ ಪರದೆಯ ಮೇಲಿನ ಅದ್ಭುತ ದೂರದ್ದಲ್ಲ. 1963ರ ‘ಲವಕುಶ’, ತೆಲುಗಿನ ಮೊದಲ ಪೂರ್ಣ ವರ್ಣಚಿತ್ರ. ಅದರಲ್ಲಿ ಸೀತೆಯಾದ ಅಂಜಲೀದೇವಿ ಕಾಡುಪಾಲಾಗುವಾಗ ಕಣ್ಣೊರೆಸಿಕೊಂಡ ಮುಳಬಾಗಿಲಿನ ಹೆಂಗಸರಿಗೆ ಆ ಕಾಡು ಎಲ್ಲಿದೆಯೆಂದು ಗೊತ್ತಿತ್ತು. ಪೌರ್ಣಮಿಗೋ ಜಾತ್ರೆಗೋ ಅವರು ಹತ್ತಿ ಬಂದ ಬೆಟ್ಟವೇ ಅದು.

ಈ ಬಗೆಯ ಚಿತ್ರಗಳಿಗೆಲ್ಲ ನನ್ನ ಮಟ್ಟಿಗೆ ಮೇಲ್ಪಂಕ್ತಿ 1957ರ ‘ಮಾಯಾಬಜಾರ್’. ಅದನ್ನು ತಯಾರಿಸಿದ ವಿಜಯಾ ಪ್ರೊಡಕ್ಷನ್ಸಿನ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರೇ ‘ಚಂದಮಾಮ’ ಪತ್ರಿಕೆಯನ್ನೂ ನಡೆಸುತ್ತಿದ್ದವರು. ಮಕ್ಕಳಿಗೆ ಕಥೆ ಹೇಳುವ ಕಲೆ ಗೊತ್ತಿದ್ದ ಆ ಜೋಡಿಗೆ, ದೊಡ್ಡವರನ್ನು ಹಿಡಿದು ಕೂರಿಸಬಲ್ಲ ನಿರ್ದೇಶಕ ಕೆ.ವಿ. ರೆಡ್ಡಿ ಸಿಕ್ಕರು. ಮಾರ್ಕಸ್ ಬಾರ್ಟ್ಲಿ ಕ್ಯಾಮೆರಾ ಹಿಡಿದರು. ದೋಣಿಯ ಹಾಡಿನಲ್ಲಿ ಅವರು ಕಪ್ಪುಬಿಳುಪಿನಲ್ಲೇ ಸುರಿಸಿದ ಬೆಳದಿಂಗಳನ್ನು ನೋಡಿದವರು ಮರೆಯುವುದಿಲ್ಲ.

ಮಗುವಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಮದುವೆಯಡುಗೆಯ ಮುಂದೆ ಎಸ್.ವಿ. ರಂಗರಾವ್ ಅವರ ಘಟೋತ್ಕಚ ಕೂತರೆ ಲಾಡುಗಳು ತಾವೇ ಎದ್ದು ಬಾಯಿಗೆ ಬರುತ್ತವೆ. ಹಾಸಿದ ಕಂಬಳಿ ತಾನೇ ಸುರುಳಿ ಸುತ್ತಿಕೊಳ್ಳುತ್ತದೆ, ಮಂಚ ಗಿರ್ರನೆ ತಿರುಗುತ್ತದೆ. ದೊಡ್ಡವರಿಗೆ ಬೇಕಾದದ್ದು ಅದೇ ದೃಶ್ಯಗಳ ಅಡಿಯಲ್ಲಿದೆ. ಪಾಂಡವರ ರಾಜ್ಯ ಹೋಯಿತು ಅಂದ ಕೂಡಲೇ ಬಲರಾಮನ ಹೆಂಡತಿ ರೇವತಿಗೆ ಅಭಿಮನ್ಯು ಬೇಡವಾಗುತ್ತಾನೆ. ಆಡಿದ ಮಾತು ಮುರಿದು, ಸಿರಿವಂತ ದುರ್ಯೋಧನನ ಮಗನಿಗೆ ಮಗಳು ಶಶಿರೇಖೆಯನ್ನು ಕೊಡಲು ಹೊರಡುತ್ತಾಳೆ. ಆಸ್ತಿ ಕರಗಿದ ಮೇಲೆ ಸಂಬಂಧ ಸಡಿಲವಾಗುವುದನ್ನು ಕಾಣದ ಮನೆ ಯಾವುದು? ಆ ಘಟ್ಟ ಬಂದಾಗ ನಮ್ಮಜ್ಜಿ ಏನೂ ಮಾತಾಡುತ್ತಿರಲಿಲ್ಲ, ಸುಮ್ಮನೆ ತಲೆಯಾಡಿಸುತ್ತಿದ್ದರು. ಇಡೀ ಚಿತ್ರದಲ್ಲಿ ಪಾಂಡವರು ಒಮ್ಮೆಯೂ ಪರದೆಯ ಮೇಲೆ ಬರುವುದಿಲ್ಲ. ಆದರೂ ಅವರ ಬಡತನವೇ ಕಥೆಯನ್ನು ಮುಂದೆ ತಳ್ಳುತ್ತದೆ.

ಈ ಎರಡೂ ಪಾಲು ಒಂದೇ ಮುಖದಲ್ಲಿ ಕೂಡುವುದನ್ನು ನೋಡಬೇಕಾದರೆ ಶಶಿರೇಖೆಯಾದ ಸಾವಿತ್ರಿಯನ್ನು ನೋಡಬೇಕು. ಶಶಿರೇಖೆಯ ವೇಷ ತೊಟ್ಟು ಅರಮನೆ ಸೇರಿದವನು ಘಟೋತ್ಕಚ. ಅಂದರೆ ಸಾವಿತ್ರಿ ಹೆಣ್ಣಿನ ರೂಪದಲ್ಲಿರುವ ರಾಕ್ಷಸನಾಗಿ ನಟಿಸಬೇಕು. ಮದುವೆಯ ಸಂಭ್ರಮದ ಹಾಡಿನಲ್ಲಿ ಸುಶೀಲಾ ಅವರ ಕಂಠ ನಾಚುತ್ತಾ ಸಾಗುತ್ತಿರುವಾಗ, ನಡುವೆ ಘಂಟಸಾಲರ ಗಂಡುದನಿ ನುಗ್ಗುತ್ತದೆ. ಸಾವಿತ್ರಿಯ ಭುಜ ಅಗಲವಾಗುತ್ತದೆ, ಹುಬ್ಬು ಮೇಲೇರುತ್ತದೆ, ನಡಿಗೆಗೆ ಭಾರ ಬರುತ್ತದೆ. ಮರುಕ್ಷಣ ಎಚ್ಚರವಾಗಿ ಮತ್ತೆ ಬಳುಕು. ಹಸೆಮಣೆಯಲ್ಲಿ ಮದುಮಗನ ಕಣ್ಣಿಗಷ್ಟೇ ನಿಜರೂಪ ತೋರಿಸಿ ನಡುಗಿಸುವಾಗ ಮಕ್ಕಳು ಬಿದ್ದು ಬಿದ್ದು ನಗುತ್ತವೆ. ದೊಡ್ಡವರು ಆ ಅಭಿನಯ ಕಂಡು ಬೆರಗಾಗುತ್ತಾರೆ. ಅಲ್ಲಿ ಯಾವ ಯಂತ್ರವೂ ಇಲ್ಲ. ಮಾಯೆ ಒಬ್ಬ ನಟಿಯ ಕೊರಳು, ಭುಜ, ಹುಬ್ಬುಗಳಲ್ಲಿದೆ.

ಮುಳಬಾಗಿಲಿನ ಮಣ್ಣಿನ ಮಗಳೇ ಇಂಥದೊಂದು ಚಿತ್ರದ ನಾಯಕಿಯಾದದ್ದು ನಮ್ಮ ಹೆಮ್ಮೆ. ಸೌಂದರ್ಯ ಮುಳಬಾಗಿಲು ತಾಲ್ಲೂಕಿನ ಹುಡುಗಿ. ಕೋಡಿ ರಾಮಕೃಷ್ಣ ನಿರ್ದೇಶಿಸಿದ ‘ಅಮ್ಮೋರು’ ತೆರೆಗೆ ಬಂದದ್ದು 1995ರಲ್ಲಿ. ಕಂಪ್ಯೂಟರ್ ಗ್ರಾಫಿಕ್ಸ್ ಆಗ ನಮ್ಮ ಕಡೆಯ ಚಿತ್ರಗಳಿಗೆ ಹೊಸತು. ಗಂಡ ದೂರ ಹೋಗಿ, ಅತ್ತೆಮನೆಯ ಕಾಟಕ್ಕೆ ಸಿಕ್ಕ ನಾಯಕಿ ಭವಾನಿಯನ್ನು ಕಾಯಲು ಊರಮ್ಮ ಪುಟ್ಟ ಹುಡುಗಿಯಾಗಿ ಮನೆಗೆಲಸಕ್ಕೆ ಬಂದು ನಿಲ್ಲುತ್ತಾಳೆ. ತಮ್ಮಷ್ಟೇ ಎತ್ತರದ ದೇವಿಯನ್ನು ಕಂಡು ಮಕ್ಕಳಿಗೆ ಖುಷಿಯೋ ಖುಷಿ. ಸೊಸೆಯಾಗಿ ಬಾಳಿದ ಹೆಂಗಸರಿಗೆ, ಕಷ್ಟಕಾಲದಲ್ಲಿ ಜೊತೆಗೆ ನಿಲ್ಲುವ ಒಬ್ಬರು ಸಿಕ್ಕ ಸಮಾಧಾನ. ಕೋಲಾರಮ್ಮನಿಗೆ ಹರಕೆ ಹೊರುವ ನಮ್ಮವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊನೆಯಲ್ಲಿ ಪರದೆ ತುಂಬುವ ಗ್ರಾಫಿಕ್ಸಿಗಿಂತ ನನಗೆ ಇಷ್ಟ ಸೌಂದರ್ಯ ಆ ಹುಡುಗಿಯನ್ನು ಅಕ್ಕರೆಯಿಂದ ನೋಡುವ ನೋಟ. 2004ರ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ಆಕೆ ತೀರಿಕೊಂಡಾಗ ಇಲ್ಲಿನವರಿಗೆ ಮನೆಮಗಳನ್ನೇ ಕಳೆದುಕೊಂಡಂತಾಯಿತು.

ಕನ್ನಡದಲ್ಲೂ ಈ ಸಂಪತ್ತಿಗೆ ಕೊರತೆಯಿಲ್ಲ. ಹುಣಸೂರು ಕೃಷ್ಣಮೂರ್ತಿಯವರ ‘ಬಬ್ರುವಾಹನ’ 1977ರದು. ಅರ್ಜುನನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ಇಬ್ಬರು ರಾಜ್‌ಕುಮಾರ್ ಎದುರುಬದುರಾಗಿ ನಿಂತು ಮಾತಿನ ಬಾಣ ಬಿಡುವುದೇ ಮಕ್ಕಳಿಗೆ ದೊಡ್ಡ ಮಾಯೆ. ತಾಯಿಯ ಮಾನಕ್ಕಾಗಿ ಮಗ ಅಪ್ಪನ ಮೇಲೆ ಬಿಲ್ಲೆತ್ತುವ ಸಂಕಟ ದೊಡ್ಡವರ ಪಾಲಿಗೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಪ್ರಹ್ಲಾದನಾಗಿ ಅವರ ಮಗ ಪುನೀತ್. ಆಗಿನ್ನೂ ಆ ಹುಡುಗನ ಹೆಸರು ಲೋಹಿತ್. ಕಂಬ ಒಡೆದು ನರಸಿಂಹ ಬರುವುದನ್ನು ಮಕ್ಕಳು ಉಸಿರು ಹಿಡಿದು ಕಾಯುತ್ತವೆ. 2021ರ ಅಕ್ಟೋಬರ್ 29ರಂದು ಪುನೀತ್ ಹೋದ ಮೇಲೆ, ಆ ಪುಟ್ಟ ಮುಖ ಕಂಡರೇ ದೊಡ್ಡವರ ಗಂಟಲು ಕಟ್ಟುತ್ತದೆ.

ಅದೇ ಪ್ರಹ್ಲಾದನ ಕಥೆ 2025ರ ಜುಲೈನಲ್ಲಿ ಅನಿಮೇಷನ್ ಚಿತ್ರವಾಗಿ ಬಂತು, ‘ಮಹಾವತಾರ್ ನರಸಿಂಹ’. ನಿರ್ದೇಶಕರು ಅಶ್ವಿನ್ ಕುಮಾರ್. ಅರ್ಪಿಸಿದ್ದು ಹೊಂಬಾಳೆ ಫಿಲಂಸ್, ನಮ್ಮ ಜಿಲ್ಲೆಯ ಚಿನ್ನದ ಗಣಿಯ ಹೆಸರನ್ನು ‘ಕೆಜಿಎಫ್’ ಮೂಲಕ ದೇಶಕ್ಕೆಲ್ಲ ಸಾರಿದ ಸಂಸ್ಥೆ. ಹೀರೋ ಇಲ್ಲ, ಕಟೌಟ್ ಇಲ್ಲ, ಫೈಟ್‌ ಮಾಸ್ಟರ್ ಇಲ್ಲ. ಆದರೂ ಅಜ್ಜಿ ತಾತಂದಿರು ಮೊಮ್ಮಕ್ಕಳ ಕೈಹಿಡಿದು ಥಿಯೇಟರಿಗೆ ಬಂದರು. ಮನೆಮಂದಿ ಸಿನಿಮಾಕ್ಕೆ ಬರುವುದನ್ನು ಬಿಟ್ಟಿಲ್ಲ. ಅವರೆಲ್ಲ ಒಟ್ಟಿಗೆ ನೋಡುವಂಥ ಚಿತ್ರಗಳು ಕಡಿಮೆಯಾಗಿವೆ, ಅಷ್ಟೇ.

ಒಳ್ಳೆಯ ಮಾಯಾಚಿತ್ರ ಮಕ್ಕಳನ್ನು ದಡ್ಡರೆಂದು ತಿಳಿಯುವುದಿಲ್ಲ, ದೊಡ್ಡವರನ್ನು ಕಾವಲಿಗೆ ಬಂದವರೆಂದು ಬದಿಗೆ ಸರಿಸುವುದಿಲ್ಲ. ಮಗು ಅದರಲ್ಲಿ ಹಾರುವ ಲಾಡು ನೋಡುತ್ತದೆ, ಅಜ್ಜಿ ಮುರಿದ ಸಂಬಂಧ ನೋಡುತ್ತಾಳೆ. ಇಬ್ಬರಿಗೂ ಒಂದೇ ಕ್ಷಣದಲ್ಲಿ ನಗು ಬರುತ್ತದೆ. ಗ್ರಾಫಿಕ್ಸ್ ಎಷ್ಟೇ ಮುಂದುವರಿದರೂ ಆ ಕ್ಷಣವನ್ನು ಕಟ್ಟಬೇಕಾದವನು ಕಥೆ ಬರೆಯುವವನೇ.

ಕನ್ನಡದ ನಿರ್ದೇಶಕರಲ್ಲಿ ನನ್ನದೊಂದು ಕೋರಿಕೆ. ಒಮ್ಮೆ ಆವನಿ ಬೆಟ್ಟ ಹತ್ತಿ, ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಕಥೆ ಕೇಳಿ. ಗಣಿಯ ಕತ್ತಲನ್ನು ನಮ್ಮ ಜಿಲ್ಲೆಯಲ್ಲಿ ಕಂಡವರಿಗೆ, ಮೂರು ತಲೆಮಾರು ಕೂತು ನೋಡುವ ಒಂದು ಅದ್ಭುತವೂ ಇಲ್ಲೇ ಸಿಗುತ್ತದೆ. ಓದುಗರಿಗೂ ಒಂದು ಮಾತು: ಮುಂದಿನ ಭಾನುವಾರ ಅಜ್ಜಿ ತಾತ ಮಕ್ಕಳನ್ನೆಲ್ಲ ಕೂರಿಸಿಕೊಂಡು ‘ಮಾಯಾಬಜಾರ್’ ಹಾಕಿ. ತೆಲುಗು ಬಾರದ ಮಕ್ಕಳಿಗೆ ಅಜ್ಜಿ ಕಥೆ ಹೇಳಲಿ. ಮೂರು ಗಂಟೆಯ ಚಿತ್ರ, ಒಂದು ನಿಮಿಷವೂ ದಂಡವಾಗುವುದಿಲ್ಲ.