ಎಂಬತ್ತೆರಡು ಪರ್ಸೆಂಟ್ ಹಸಿರು

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಟೆಕ್ನಿಕಲ್ ಬರಹ. ಆದ್ರೆ ಇಲ್ಲಿ ಬಂದು ಓದುವವರಲ್ಲಿ ಅರ್ಧಕ್ಕರ್ಧ ಜನ ನನ್ನ ಹಾಗೇ ಕೋಡ್ ಬರೆದು ಹೊಟ್ಟೆ ಹೊರೆಯುವವರು ಅಂತ ಗೊತ್ತು. ಉಳಿದವರು ಟೂಲ್‌ಗಳ ಹೆಸರು ಬರೋ ಜಾಗ ಹಾರಿಸಿ ಮುಂದೆ ಹೋದರೂ ಬೇಜಾರಿಲ್ಲ :)

ಕಳೆದ ವರ್ಷದ ಮಾತು. ನಮ್ಮದು ಬೆಂಗಳೂರಿನ ಒಂದು ಸಣ್ಣ ಕಂಪನಿ. ಕಾರ್ಖಾನೆಗಳ ಹಾಜರಾತಿ, ಸಂಬಳದ ಲೆಕ್ಕ ಮಾಡುವ ಸಾಫ್ಟ್‌ವೇರ್, ಎಲ್ಲಾ ಜಾವಾದಲ್ಲಿ. ಒಂದು ದಿನ ಮ್ಯಾನೇಜರ್ ಕರೆದು, "ಮುಂದಿನ ರಿಲೀಸ್‌ನಿಂದ 80 ಪರ್ಸೆಂಟ್ ಕೋಡ್ ಕವರೇಜ್ ತೋರಿಸ್ಬೇಕಂತೆ. ಯಾವ ಟೂಲ್ ಅಂತ ನೀನೇ ನೋಡಪ್ಪಾ. ಹಾಂ, ದುಡ್ಡು ಮಾತ್ರ ಕೇಳ್ಬೇಡ" ಅಂದ್ರು.

ಗೊತ್ತಿಲ್ಲದವರಿಗೆ ಒಂದೇ ಸಾಲಲ್ಲಿ: ನಾವು ಬರೆದ ಟೆಸ್ಟ್‌ಗಳನ್ನು ಓಡಿಸಿದಾಗ ಪ್ರೋಗ್ರಾಮಿನ ಎಷ್ಟು ಸಾಲುಗಳು ನಿಜಕ್ಕೂ ಓಡಿದವು ಅನ್ನೋ ಲೆಕ್ಕವೇ ಕೋಡ್ ಕವರೇಜ್. ಓಡಿದ ಸಾಲು ಹಸಿರು, ಓಡದೇ ಇದ್ದದ್ದು ಕೆಂಪು.

ಎರಡು ದಿನ ಕೂತು ಮೂರು ಟೂಲ್ ಹಾಕಿ ನೋಡಿದೆ. ಮೂರೂ ಪುಕ್ಕಟೆ.

ಮೊದಲನೆಯದು ಕೋಬರ್ಟುರಾ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಕವರೇಜ್ ಅಂತಲೇ ಅರ್ಥ. ನಮ್ಮ ಸೀನಿಯರ್‌ಗಳೆಲ್ಲ ಇದನ್ನೇ ಬಳಸಿ ಬೆಳೆದವರು. ಆದ್ರೆ 2015ರ ನಂತರ ಹೊಸ ಆವೃತ್ತಿ ಬಂದಿಲ್ಲ, ಈಗಿನ ಜಾವಾ ಜೊತೆ ಏಗೋದು ಕಷ್ಟ. ತಮಾಷೆ ಅಂದ್ರೆ ಟೂಲ್ ಮೂಲೆ ಸೇರಿದರೂ ಅದರ ರಿಪೋರ್ಟ್ ಫಾರ್ಮ್ಯಾಟ್ ಬದುಕಿದೆ. ಪೈಥಾನ್‌ನ ಕವರೇಜ್ ಟೂಲ್ ಕೂಡ ಇವತ್ತಿಗೂ ಅದೇ ಥರದ ಫೈಲ್ ಬರೆದುಕೊಡುತ್ತೆ.

ಎರಡನೆಯದು ಓಪನ್‌ಕ್ಲೋವರ್. ಒಂದು ಕಾಲದಲ್ಲಿ ಕ್ಲೋವರ್ ಅನ್ನೋ ಹೆಸರಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. 2007ರಲ್ಲಿ ಅಟ್ಲಾಸಿಯನ್ ಅದನ್ನು ಕೊಂಡಿತು, 2017ರಲ್ಲಿ ಓಪನ್ ಸೋರ್ಸ್ ಮಾಡಿ ಬಿಟ್ಟಿತು. ಇದು ಕಂಪೈಲ್ ಆಗೋ ಮುಂಚೆ ಸೋರ್ಸ್ ಕೋಡಿನ ಒಳಗೇ ತನ್ನ ಎಣಿಕೆಯ ಸಾಲುಗಳನ್ನು ಸೇರಿಸುತ್ತೆ. ಅದರಿಂದ ಬಿಲ್ಡ್ ಸ್ವಲ್ಪ ಭಾರ. ಆದ್ರೆ ಯಾವ ಸಾಲನ್ನು ಯಾವ ಟೆಸ್ಟ್ ಮುಟ್ಟಿತು ಅಂತ ಚೆನ್ನಾಗಿ ತೋರಿಸುತ್ತೆ. ಹಳೇ ಕೋಡನ್ನು ರಿಪೇರಿ ಮಾಡೋವಾಗ ಇದು ಬಹಳ ಉಪಯೋಗ.

ಮೂರನೆಯದು ಜಕೋಕೋ. ಪ್ರೋಗ್ರಾಮ್ ಓಡೋವಾಗಲೇ ಏಜೆಂಟ್ ಥರ ಪಕ್ಕದಲ್ಲಿ ನಿಂತು ಬೈಟ್‌ಕೋಡ್‌ಗೆ ಎಣಿಕೆ ಸೇರಿಸುತ್ತೆ, ನಮ್ಮ ಸೋರ್ಸ್ ಮುಟ್ಟೋದೇ ಇಲ್ಲ. ಹೊಸ ಜಾವಾ ಬಂದ ಹಾಗೆ ಇದೂ ಹೊಸದಾಗುತ್ತೆ. 'ಇಫ್' ಇರೋ ಸಾಲಿನ ಪಕ್ಕ ಒಂದು ಪುಟ್ಟ ವಜ್ರದ ಗುರುತು. ಎರಡೂ ದಾರಿ ಓಡಿದ್ದರೆ ಹಸಿರು, ಒಂದೇ ಓಡಿದ್ದರೆ ಹಳದಿ. ಬರೀ ಸಾಲಿನ ಪರ್ಸೆಂಟ್ ನೋಡೋದಕ್ಕಿಂತ ಈ ಹಳದಿ ನೋಡೋದು ಮೇಲು. ಮೇವನ್‌ನಲ್ಲಿ ಹಾಕೋರಿಗೆ ಒಂದು ಕಿವಿಮಾತು: ಶೂರ್‌ಫೈರ್ ಪ್ಲಗಿನ್‌ಗೆ ನೀವು ಮೊದಲೇ ಆರ್ಗ್‌ಲೈನ್ ಬರೆದಿದ್ದರೆ ಅದು ಜಕೋಕೋ ಏಜೆಂಟನ್ನು ಒರೆಸಿಹಾಕುತ್ತೆ. ಬಿಲ್ಡ್ ಪಾಸ್ ಆಗುತ್ತೆ, ರಿಪೋರ್ಟೇ ಇರಲ್ಲ! ನಾನು ಅರ್ಧ ದಿನ ತಲೆ ಕೆರ್ಕೊಂಡಿದ್ದು ಇದಕ್ಕೇ.

ಕೋಡ್‌ಕವ್, ಕವರಾಲ್ಸ್ ಥರದ ಸೇವೆಗಳೂ ಇವೆ. ಅವು ತಾವೇ ಅಳೆಯೋದಿಲ್ಲ, ಬೇರೆ ಟೂಲ್ ಅಳೆದದ್ದನ್ನು ಚೆಂದ ಮಾಡಿ ತೋರಿಸುತ್ತವೆ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಪುಕ್ಕಟೆ, ನಮ್ಮಂಥ ತಂಡಕ್ಕೆ ದುಡ್ಡು. ಹಾಗಾಗಿ ಜಕೋಕೋ ಅಂತ ತೀರ್ಮಾನ ಆಯ್ತು. ಖರ್ಚು ಸೊನ್ನೆ. ಮ್ಯಾನೇಜರ್ ಖುಷ್.

ಮೊದಲ ದಿನ ಬಂದದ್ದು 31 ಪರ್ಸೆಂಟ್. ರಿಲೀಸ್‌ಗೆ ಇದ್ದದ್ದು ಮೂರು ವಾರ. ಏನ್ಮಾಡಿದೆ ಅಂತ ಕೇಳಿ. ಒಂದೊಂದೇ ಮೆಥಡ್ ಕರೆಯುವ ಟೆಸ್ಟ್ ಬರೆಯುತ್ತಾ ಹೋದೆ. ಕರೆಯೋದು ಅಷ್ಟೇ, ಬಂದ ಉತ್ತರ ಸರಿಯಾ ತಪ್ಪಾ ಅಂತ ಕೇಳೋದಿಲ್ಲ. ಅಂದ್ರೆ ಅಸರ್ಟ್ ಇಲ್ಲದ ಟೆಸ್ಟ್‌ಗಳು. ಎಕ್ಸೆಪ್ಷನ್ ಬರದಿದ್ದರೆ ಪಾಸ್. ಮೂರು ವಾರದಲ್ಲಿ 82! ಟೀಮಿನವರಿಗೆಲ್ಲ ಮಸಾಲೆ ದೋಸೆ ಕೊಡಿಸಿದರು. ನಾನೂ ಎರಡು ತಿಂದೆ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಸಪೋರ್ಟ್‌ನವನು ರಜೆ ಅಂತ ಫೋನ್ ನನ್ನ ಟೇಬಲ್‌ಗೆ ಬಂತು. ಬಟ್ಟೆ ಹೊಲಿಯುವ ಒಂದು ಕಾರ್ಖಾನೆಯ ಎಚ್.ಆರ್. "ನೀವೇ ಮಾತಾಡಿ ಸಾರ್, ನಾನು ಹೇಳಿ ಹೇಳಿ ಸಾಕಾಯ್ತು" ಅಂತ ಪಕ್ಕದಲ್ಲಿದ್ದ ಹೆಂಗಸಿನ ಕೈಗೆ ಫೋನ್ ಕೊಟ್ಟರು.

"ಸಾರ್, ಈ ತಿಂಗಳು ಒಂದಿನಾನೂ ತಪ್ಪಿಸಿಲ್ಲ. ಮಗೂಗೆ ಜ್ವರ ಇದ್ರೂ ಅಮ್ಮನ ಹತ್ರ ಬಿಟ್ಟು ಬಂದಿದೀನಿ. ಅಟೆಂಡೆನ್ಸ್ ಬೋನಸ್ ಯಾಕ್ ಸಾರ್ ಕಟ್ ಮಾಡಿದ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಡಿ ಹೇಳ್ತೀನಮ್ಮಾ ಅಂದೆ.

ಆ ಕಾರ್ಖಾನೆಯ ನಿಯಮ: 26 ದಿನ ಅಥವಾ ಅದಕ್ಕಿಂತ ಹೆಚ್ಚು ಬಂದವರಿಗೆ ಬೋನಸ್. ಹೊಸ ರಿಲೀಸ್‌ನಲ್ಲಿ ಆ ಭಾಗ ಬರೆದವನು ನಾನೇ. >= ಅಂತ ಇರಬೇಕಾದ ಕಡೆ > ಅಂತ ಬರೆದಿದ್ದೆ. ಸರಿಯಾಗಿ 26 ದಿನ ಬಂದವರೆಲ್ಲ ಔಟ್. ಆ ತಿಂಗಳಲ್ಲಿ ಕೆಲಸದ ದಿನ ಇದ್ದದ್ದೇ 26.

ಜಕೋಕೋ ರಿಪೋರ್ಟ್ ತೆಗೆದು ನೋಡಿದೆ. ಆ ಸಾಲು ಹಸಿರು. ಪಕ್ಕದ ವಜ್ರವೂ ಹಸಿರು. ಟೆಸ್ಟ್ ತೆಗೆದೆ. 20, 26, 28 ಅಂತ ಮೂರು ಸಂಖ್ಯೆ ಕೊಟ್ಟಿದ್ದೇನೆ. 26ನ್ನೂ ಕೊಟ್ಟಿದ್ದೆ ಮಾರಾಯ್ರೆ! ಉತ್ತರ ಏನು ಬಂತು ಅಂತ ಮಾತ್ರ ಕೇಳಿರಲಿಲ್ಲ.

ಇಂಜಿನಿಯರಿಂಗ್ ಓದುವಾಗಿನ ಲ್ಯಾಬ್ ರೆಕಾರ್ಡ್ ನೆನಪಾಯ್ತು. ಲೆಕ್ಚರರ್ ಸರಸರ ಪುಟ ತಿರುಗಿಸುತ್ತಾ ಕೆಂಪು ಇಂಕಿನಲ್ಲಿ ರೈಟ್ ಹಾಕ್ತಾ ಹೋಗೋರು. ನನ್ನ ರೂಮ್‌ಮೇಟ್ ಒಂದು ಸಲ ಮಧ್ಯದ ಪುಟದಲ್ಲಿ ಹಾಸ್ಟೆಲ್ ಮೆಸ್ಸಿನ ತಿಂಡಿ ಪಟ್ಟಿ ಬರೆದಿಟ್ಟಿದ್ದ. ಅದಕ್ಕೂ ರೈಟ್ ಬಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ವಿ. ಈಗ ಅದೇ ಕೆಂಪು ಪೆನ್ನು ನನ್ನ ಕೈಯಲ್ಲಿತ್ತು. ಪುಟ ತಿರುಗಿಸಿದ್ದೆ, ಓದಿರಲಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಮೇಲೆ ಪಿಟ್ ಅನ್ನೋ ಇನ್ನೊಂದು ಟೂಲ್ ಹಾಕಿದೆ. ಅದೂ ಪುಕ್ಕಟೆ. ಅದು ಮಾಡೋದು ಕಿತಾಪತಿ ಕೆಲಸ. ನಿಮ್ಮ ಕೋಡಿನಲ್ಲಿ ಬೇಕಂತಲೇ ಸಣ್ಣ ತಪ್ಪು ಸೇರಿಸುತ್ತೆ, >= ಇದ್ದರೆ > ಮಾಡುತ್ತೆ, ಮತ್ತೆ ಟೆಸ್ಟ್ ಓಡಿಸುತ್ತೆ. ಟೆಸ್ಟ್ ಫೇಲ್ ಆದರೆ ಸರಿ. ಆಗಲಿಲ್ಲ ಅಂದ್ರೆ ನಿಮ್ಮ ಟೆಸ್ಟ್ ನಿದ್ದೆ ಮಾಡ್ತಿದೆ ಅಂತ ಅರ್ಥ. ನಿಧಾನ ಬಹಳ, ಅದಕ್ಕೇ ಸಂಬಳ ಲೆಕ್ಕ ಮಾಡೋ ಪ್ಯಾಕೇಜಿಗೆ ಮಾತ್ರ ಓಡಿಸ್ತೀನಿ. ಮೊದಲ ಸಲ ಓಡಿಸಿದಾಗ ನನ್ನ ಮೂರು ವಾರದ ಟೆಸ್ಟ್‌ಗಳು ಬಹುಪಾಲು ಗೊರಕೆ ಹೊಡೀತಿದ್ವು.

ಹಾಗಾಗಿ ಟೂಲ್ ಯಾವುದು ಅಂತ ಕೇಳಿದರೆ ಈಗಲೂ ಜಕೋಕೋ ಅಂತೀನಿ. ಸಿ ಬರೆಯೋರಿಗೆ ಜಿಸಿಸಿ ಜೊತೆ ಜಿಕವ್ ಬರುತ್ತೆ, ಪೈಥಾನ್‌ನವರಿಗೆ ಕವರೇಜ್ ಡಾಟ್ ಪೈ ಇದೆ, ಗೋ ಭಾಷೆಯಲ್ಲಂತೂ ಒಳಗೇ ಇದೆ. ಕೊಳ್ಳೋದಕ್ಕೆ ದುಡ್ಡಿಲ್ಲ ಅನ್ನೋ ನೆಪ ಯಾರಿಗೂ ಇಲ್ಲ. ಆದ್ರೆ ಇವು ಯಾವುವೂ ಕೆಂಪು ಸಾಲು ನೋಡಿ "ಇಲ್ಲಿಗೆ ಯಾರೂ ಬಂದಿಲ್ಲ" ಅನ್ನೋದಕ್ಕಿಂತ ಹೆಚ್ಚು ಹೇಳಲ್ಲ. ಹಸಿರು ಅಂದ್ರೆ ಸರಿ ಇದೆ ಅಂತ ನಾವೇ ಅಂದ್ಕೊಂಡಿದ್ದು.

ಬಾಕಿ ಬೋನಸ್ ಕೊಡಿಸಲು ಎರಡೂ ತಿಂಗಳ ಪಟ್ಟಿ ತೆಗೆದೆ. ಅದಕ್ಕೂ ಹಿಂದಿನ ತಿಂಗಳಲ್ಲಿ ಕೆಲಸದ ದಿನ 27. ಒಂದು ದಿನ ರಜೆ ಹಾಕಿ 26 ದಿನ ಬಂದವರಿಗೆ ಆಗಲೂ ಬೋನಸ್ ತಪ್ಪಿತ್ತು. ಅವರಲ್ಲಿ ಒಬ್ಬರೂ ಫೋನ್ ಮಾಡಿರಲಿಲ್ಲ. ರಜೆ ಹಾಕಿದ್ದು ನಮ್ಮದೇ ತಪ್ಪು ಅಂದ್ಕೊಂಡು ಸುಮ್ಮನಾಗಿದ್ದಿರಬೇಕು. ನನಗೆ ಆ ಫೋನಿಗಿಂತ ಹೆಚ್ಚು ಕಾಡೋದು ಇದು.

ನಿಮ್ಮ ಆಫೀಸಲ್ಲಿ ಎಷ್ಟು ಪರ್ಸೆಂಟು? ಅದರಲ್ಲಿ ಎಷ್ಟು ನಿಜ? ಬೈಯೋದಿದ್ರೆ ಬೈಯ್ರಿ, ಆದ್ರೆ ನಿಮ್ಮ ಕಥೇನೂ ಹೇಳಿ :)