ಗುಳ್ಳೆಯ ಲೆಕ್ಕ

ಸುಣ್ಣದ ಕಲ್ಲಿನ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಬಿಟ್ಟರೆ ಸರ್ರನೆ ನೊರೆ ಏಳುತ್ತದೆ. ನನ್ನ ಹೊಟ್ಟೆ ತುಂಬಿಸಿದ್ದು ಈ ನೊರೆಯೇ. ಸೇಡಂನಲ್ಲಿ ಹುಟ್ಟಿ, ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಖಣಿಯ ಕಲ್ಲನ್ನು ಪುಡಿಮಾಡಿ, ತೂಗಿ, ಕರಗಿಸಿ, ಲೆಕ್ಕ ಬರೆಯುತ್ತ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಆ ಗುಳ್ಳೆ ಇಂಗಾಲದ ಡೈಆಕ್ಸೈಡ್. 100 ಗ್ರಾಂ ಶುದ್ಧ ಸುಣ್ಣದ ಕಲ್ಲಿನಲ್ಲಿ 44 ಗ್ರಾಂ ಅದೇ. ನಮ್ಮ ಕಡೆಯ ಶಹಾಬಾದಿನ ಕಲ್ಲು ಅಷ್ಟು ಶುದ್ಧವಲ್ಲ, ಮಣ್ಣು, ಸಿಲಿಕಾ ಸೇರಿರುತ್ತವೆ. ಆದರೂ ಕಿಲೋ ಕಲ್ಲಿಗೆ 350 ಗ್ರಾಂ ಗಾಳಿಗೆ ಮೋಸವಿಲ್ಲ. ಇನ್ನೊಂದು ಕಡೆ, 750 ಮಿಲಿಲೀಟರಿನ ಒಂದು ಶಾಂಪೇನ್ ಬಾಟ್ಲಿಯಲ್ಲಿ ಇರುವುದು ಸುಮಾರು 9 ಗ್ರಾಂ. ಅಂದರೆ ನಮ್ಮ ಮನೆಯ ಅಂಗಳಕ್ಕೆ ಹಾಸಿದ ಫರ್ಸಿಯ ಕಿಲೋ ತೂಕದ ಒಂದು ತುಂಡಿನಲ್ಲಿ ಮೂರು ಡಜನ್ ಬಾಟ್ಲಿಗಳಿಗಾಗುವಷ್ಟು ಗುಳ್ಳೆ ಸುಮ್ಮನೆ ಬಿದ್ದಿದೆ. ಹಾಗಿದ್ದರೆ ಜನ ಒಂದು ಬಾಟ್ಲಿಗೆ ಹತ್ತಿಪ್ಪತ್ತು ಸಾವಿರ ಎಣಿಸಿ ಕೊಡುವುದು ಯಾವುದಕ್ಕೆ? ಗುಳ್ಳೆಗಂತೂ ಅಲ್ಲ.

ಇದರ ಜಾಡು ಹಿಡಿಯುವ ಯೋಗ ಬಂದದ್ದು ತಂಗಿಯ ಮಗನಿಂದ. ಅವನು ಪ್ಯಾರಿಸ್ಸಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ನಾನು ಹೋದಾಗ ಐಫೆಲ್ ಗೋಪುರ ತೋರಿಸುವ ಶಾಸ್ತ್ರ ಮುಗಿಸಿ, “ಮಾಮಾ, ನಿಮಗ ಕಲ್ಲು ತೋರಸ್ತೀನಿ ಬರ್ರಿ” ಎಂದು ಮುಕ್ಕಾಲು ಗಂಟೆಯ ರೈಲಿನಲ್ಲಿ ರೀಮ್ಸ್ ಊರಿಗೆ ಕರೆದೊಯ್ದ. ಶಾಂಪೇನ್ ಸೀಮೆಯ ದೊಡ್ಡ ಊರು ಅದು. ಅಲ್ಲಿ ಪೊಮೆರಿ ಎಂಬ ಮನೆತನದ ಕಾರ್ಖಾನೆ. ಒಳಗೆ ಹೋದರೆ ಯಂತ್ರವಿಲ್ಲ, ಬಾಯ್ಲರ್ ಇಲ್ಲ, ಬರೀ ಮೆಟ್ಟಿಲು. 116 ಮೆಟ್ಟಿಲು ಇಳಿದರೆ ನೆಲದಡಿಯಲ್ಲಿ 18 ಕಿಲೋಮೀಟರ್ ಸುರಂಗ, ಅದರುದ್ದಕ್ಕೂ ಮಲಗಿದ ಬಾಟ್ಲಿಗಳು. ಬೇಸಿಗೆಯಿರಲಿ ಚಳಿಗಾಲವಿರಲಿ, ಹತ್ತು ಡಿಗ್ರಿ ಆಸುಪಾಸು. ಮೇ ತಿಂಗಳಲ್ಲಿ ನಮ್ಮ ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಹತ್ತು ಡಿಗ್ರಿಯ ಬೆಲೆ ನಾನು ಹೇಳಬೇಕಿಲ್ಲ.

ಆ ನೆಲಮಾಳಿಗೆಗಳನ್ನು ಶಾಂಪೇನಿಗೆಂದು ಯಾರೂ ಅಗೆದದ್ದಲ್ಲ. ಅವು ಕಲ್ಲಿನ ಖಣಿಗಳು. ರೋಮನ್ನರ ಕಾಲದಿಂದ ಕಟ್ಟಡಕ್ಕೆಂದು ಕಲ್ಲು ತೆಗೆದು ಬಿಟ್ಟ ಗುಂಡಿಗಳು. ಹೆಚ್ಚುಕಡಿಮೆ ಅದೇ ಶತಮಾನಗಳಲ್ಲಿ ನಮ್ಮ ಚಿತ್ತಾಪುರ ತಾಲೂಕಿನ ಭೀಮಾ ದಂಡೆಯಲ್ಲಿ, ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ಇಲ್ಲಿಯ ಸುಣ್ಣದ ಕಲ್ಲನ್ನೇ ಕೆತ್ತಿ ಬೌದ್ಧ ಸ್ತೂಪಕ್ಕೆ ಹೊದಿಸುತ್ತಿದ್ದರು. ಹೆಸರು ಬರೆದಿರುವ ಅಶೋಕನ ಮೂರ್ತಿ ಸಿಕ್ಕಿದ್ದು ಆ ಹಲಗೆಗಳಲ್ಲೇ. ನಾವು ಕಲ್ಲು ಮೇಲೆತ್ತಿ ಚಿತ್ರ ಬರೆದೆವು. ಅವರು ಕಲ್ಲು ಒಯ್ದು ಬಿಟ್ಟ ತಗ್ಗನ್ನೂ ಬಿಡದೆ, ಮುಂದೊಂದು ದಿನ ಅದರೊಳಗೆ ಬಾಟ್ಲಿ ಇಟ್ಟರು. 1860ರ ದಶಕದ ಕೊನೆಗೆ ಲೂಯೀಸ್ ಪೊಮೆರಿ ಎಂಬ ವಿಧವೆ ಊರಾಚೆಯ ಇಂಥ ನೂರಿಪ್ಪತ್ತರಷ್ಟು ಗುಂಡಿಗಳನ್ನು ಸುರಂಗದಿಂದ ಒಂದಕ್ಕೊಂದು ಜೋಡಿಸಲು ಶುರು ಮಾಡಿದಳು. 2015ರಲ್ಲಿ ಯುನೆಸ್ಕೊ ಆ ಸೀಮೆಯ ಗುಡ್ಡ, ಮನೆತನಗಳ ಕಟ್ಟಡ, ನೆಲಮಾಳಿಗೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಶಹಾಬಾದಿನ ಬಿಟ್ಟ ಖಣಿಗಳಲ್ಲಿ ಮಳೆನೀರು ನಿಂತು ಎಮ್ಮೆಗಳು ಮೈತೊಳೆದುಕೊಳ್ಳುತ್ತವೆ. ಯುನೆಸ್ಕೊದವರು ಇನ್ನೂ ಆ ಕಡೆ ಬಂದಿಲ್ಲ.

ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದೆ. ಬೆಳ್ಳನೆ ಪುಡಿ ಕೈಗೆ ಹತ್ತಿತು. ಅಪ್ಪಟ ಸೀಮೆಸುಣ್ಣ. ಸುಮಾರು 8 ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರವಿದ್ದಾಗ ಕಣ್ಣಿಗೆ ಕಾಣದ ಪಾಚಿಗಳ ಸುಣ್ಣದ ಚಿಪ್ಪು ತಳಕ್ಕೆ ಕೂತು ಆದದ್ದು. ನಮ್ಮ ಶಹಾಬಾದಿ ಕಲ್ಲೂ ಸಮುದ್ರದ ತಳವೇ, ಆದರೆ ಪ್ರಾಣಿಗಳು ಚಿಪ್ಪು ಕಟ್ಟಲು ಕಲಿಯುವ ಮುಂಚಿನ ಸಮುದ್ರ. 50 ಕೋಟಿ ವರ್ಷಕ್ಕಿಂತ ಹಳೆಯದು. ಅಷ್ಟು ಕಾಲ ಒತ್ತಿಸಿಕೊಂಡು ಗಟ್ಟಿಯಾಗಿ, ಪದರ ಪದರವಾಗಿ ಏಳುತ್ತದೆ. ಉಳಿ ಹಾಕಿ ಸುತ್ತಿಗೆಯಿಂದ ತಟ್ಟಿದರೆ ಹಲಗೆ ಬಿಟ್ಟುಕೊಡುತ್ತದೆ. ಅಲ್ಲಿಯದು ಮೆತ್ತಗೆ, ಮಳೆನೀರನ್ನು ಹೀರಿ ಇಟ್ಟುಕೊಂಡು ಬೇಸಿಗೆಯಲ್ಲಿ ದ್ರಾಕ್ಷಿಯ ಬೇರಿಗೆ ಕೊಡುತ್ತದೆ. ನಮ್ಮ ಕಲ್ಲಿನ ಮೇಲಿನ ಮಣ್ಣಿಗೆ ದ್ರಾಕ್ಷಿ ಅಲ್ಲ, ತೊಗರಿ ಒಗ್ಗಿದೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಕಾರಣ ಕೊಟ್ಟಿದ್ದು ಈ ಸುಣ್ಣದ ಅಂಶದ ಮಣ್ಣನ್ನೇ. ಶಾಂಪೇನಿನವರು ಇದೇ ವ್ಯಾಜ್ಯವನ್ನು ನೂರು ವರ್ಷಕ್ಕೂ ಮೊದಲೇ ಶುರು ಮಾಡಿದ್ದರು: ಆ ಸೀಮೆಯಲ್ಲಿ ಬೆಳೆದು ಅಲ್ಲೇ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಹಾಗಾಗಿ ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಕನ್ವಲ್ ಗ್ರೋವರ್ ಅವರು 1980ರ ದಶಕದಲ್ಲಿ ಶಾಂಪೇನ್ ಸೀಮೆಯ ಬೂಜಿ ಊರಿನ ಜಾರ್ಜ್ ವೆಸೆಲ್ ಅವರನ್ನೇ ಜೊತೆಗೆ ಹಾಕಿಕೊಂಡು ದ್ರಾಕ್ಷಿ ಹಚ್ಚಿದರೂ, ಅಲ್ಲಿಂದ ಬರುವ ಗುಳ್ಳೆಯ ವೈನು ಶಾಂಪೇನ್ ಅಲ್ಲ. ಚೆನ್ನಾಗಿಲ್ಲ ಎಂದಲ್ಲ; ಹೆಸರು ಹಾಕಿಕೊಳ್ಳುವ ಹಾಗಿಲ್ಲ.

ಮೆಟ್ಟಿಲು ಇಳಿದು ತಲೆ ಎತ್ತಿದಾಗ ನನಗೆ ಕಂಡದ್ದು ನಮ್ಮ ಊರಿನ ಹಗೇವು. ಮೇಲೆ ಸಣ್ಣ ಬಾಯಿ, ಕೆಳಗೆ ಅಗಲವಾಗುತ್ತ ಹೋಗುವ ಹೊಟ್ಟೆ. ನಮ್ಮ ಅಜ್ಜನ ಮನೆಯ ಹಗೇವಿನಲ್ಲಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಬಿಡುತ್ತಿದ್ದರು. ತೆರೆದ ದಿನ ಯಾರೂ ಧುಮುಕುತ್ತಿರಲಿಲ್ಲ. ಬಾಯಿ ತೆಗೆದು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುವರು. ದೀಪ ಆರಿದರೆ ಒಳಗೆ ಹೋಗುವವನೂ ಆರುತ್ತಾನೆ. ಕಾಳು ಉಸಿರಾಡಿ ಬಿಟ್ಟ ಗಾಳಿ ತಳದಲ್ಲಿ ನಿಂತಿರುತ್ತದೆ. ಹುಳ ಸಾಯುವುದೂ ಅದರಿಂದಲೇ. ಅದೂ ಅದೇ ಇಂಗಾಲದ ಡೈಆಕ್ಸೈಡ್. ಲ್ಯಾಬಿನ ತಟ್ಟೆ, ಅಜ್ಜನ ಹಗೇವು, ರೀಮ್ಸಿನ ಬಾಟ್ಲಿ, ಎಲ್ಲ ಕಡೆ ಒಂದೇ ಆಸಾಮಿ. ಒಂದೇ ಫರಕು. ಕೆಟ್ಟ ವರ್ಷ ಬಂದರೆ ಇರಲಿ ಎಂದು ಹಗೇವು ತುಂಬಿದರು ನಮ್ಮವರು. ಒಳ್ಳೆಯ ವರ್ಷ ಬಂತು, ಕಳೆದುಹೋಗದಿರಲಿ ಎಂದು ತುಂಬಿಟ್ಟರು ಅವರು.

ವಿಂಟೇಜ್ ಎನ್ನುವುದು ಇದೇ. ಸಾಮಾನ್ಯ ಶಾಂಪೇನಿಗೆ ವರ್ಷವಿಲ್ಲ. ಹೊಸದಕ್ಕೆ ಹಿಂದಿನ ವರ್ಷಗಳ ವೈನು ಬೆರೆಸಿ, ಪ್ರತಿವರ್ಷ ಒಂದೇ ರುಚಿ ಬರುವಂತೆ ನೋಡಿಕೊಳ್ಳುತ್ತಾರೆ. ಹದಿನೈದು ತಿಂಗಳು ಇಟ್ಟರೆ ಮಾರಬಹುದು. ಚೀಟಿಯ ಮೇಲೆ ಇಸವಿ ಹಾಕಬೇಕಾದರೆ ಪೂರ್ತಿ ಅದೇ ವರ್ಷದ ದ್ರಾಕ್ಷಿಯಾಗಬೇಕು, ಕಡಿಮೆಯೆಂದರೆ ಮೂರು ವರ್ಷ ಕಾಯಬೇಕು. ಮೇಲ್ದರ್ಜೆಯವರು ಏಳೆಂಟು ವರ್ಷ ಹೊರಗೇ ಬಿಡುವುದಿಲ್ಲ. ಆ ಕತ್ತಲಲ್ಲಿ ನಡೆಯುವುದು ಕೆಮಿಸ್ಟನಿಗೆ ಹಬ್ಬ. ಮೊದಲು ಸಪ್ಪೆ, ಹುಳಿ ವೈನು ಮಾಡುತ್ತಾರೆ. ಅದಕ್ಕೆ ಲೀಟರಿಗೆ 24 ಗ್ರಾಂನಷ್ಟು ಸಕ್ಕರೆ, ಒಂದಿಷ್ಟು ಯೀಸ್ಟ್ ಹಾಕಿ ಬಾಟ್ಲಿಯ ಬಾಯಿ ಬಿಗಿಯುತ್ತಾರೆ. ಯೀಸ್ಟು ಸಕ್ಕರೆ ತಿಂದು ಗಾಳಿ ಬಿಡುತ್ತದೆ. ಹೋಗಲು ದಾರಿಯಿಲ್ಲದ ಗಾಳಿ ಆರು ವಾತಾವರಣದಷ್ಟು ಒತ್ತಡವಾಗಿ ವೈನಿನಲ್ಲೇ ಕರಗುತ್ತದೆ. ಹಳೆಯ ಕಾಲದ ಗಾಜು ಇದನ್ನು ತಾಳದೆ ಒಡೆಯುತ್ತಿತ್ತು, ಒಂದು ಒಡೆದರೆ ಪಕ್ಕದ್ದೂ ಸಿಡಿಯುತ್ತಿತ್ತು. ಆಳುಗಳು ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಒಳಗೆ ಹೋಗಬೇಕಿತ್ತು. ಗುಳ್ಳೆ ಕಂಡುಹಿಡಿದವನೆಂದು ಹೆಸರು ಹೊತ್ತ ದೊಂ ಪೆರಿನ್ಯೋ ಎಂಬ ಸನ್ಯಾಸಿ ನಿಜಕ್ಕೂ ಗುಳ್ಳೆ ಏಳದಂತೆ ಹೆಣಗಿದವನು.

ಆಮೇಲೆ ಯೀಸ್ಟು ಸಾಯುತ್ತದೆ. ಬೆಲೆ ಏರುವುದು ಇಲ್ಲಿಂದ. ಸತ್ತ ಯೀಸ್ಟಿನ ಜೀವಕೋಶಗಳು ನಿಧಾನಕ್ಕೆ ಕರಗಿ ವೈನಿಗೆ ಸುಟ್ಟ ಬ್ರೆಡ್ಡಿನ, ಹುರಿದ ಬಾದಾಮಿಯ ವಾಸನೆ ಬರುತ್ತದೆ. ಇದನ್ನು ಅವಸರಿಸುವ ಯಂತ್ರ ಇಲ್ಲ. ಸಿಮೆಂಟಿನ ಕಿಲ್ನಿಗೆ 1450 ಡಿಗ್ರಿ ಕೊಟ್ಟು ಕಲ್ಲನ್ನೇ ಅವಸರಿಸಿದವರು ನಾವು. ಅದಕ್ಕೇ ಆ ತಣ್ಣಗಿನ ಕತ್ತಲಲ್ಲಿ ನನಗೆ ತುಸು ಮುಜುಗರವೂ, ತುಸು ಹೊಟ್ಟೆಕಿಚ್ಚೂ ಆಯಿತು. ಕಡೆಗೆ ಗಸಿ ತೆಗೆಯಬೇಕಲ್ಲ? ಅದರ ಉಪಾಯ ಹೊಳೆದದ್ದು, 1805ರಲ್ಲಿ 27ನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಮದಾಂ ಕ್ಲಿಕೊ ಮನೆತನದಲ್ಲಿ. ಮೇಜಿಗೆ ತೂತು ಕೊರೆದು, ಬಾಟ್ಲಿಗಳನ್ನು ತಲೆಕೆಳಗು ಸಿಕ್ಕಿಸಿ, ದಿನಾ ಇಷ್ಟಿಷ್ಟೇ ತಿರುವಿದರೆ ಗಸಿಯೆಲ್ಲ ಕುತ್ತಿಗೆಗೆ ಇಳಿಯುತ್ತದೆ. ಈಗ ಆ ಕುತ್ತಿಗೆಯನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿಯ ಗಡ್ಡೆ ತಾನೇ ಹಾರಿ ಹೊರಬೀಳುತ್ತದೆ.

ಇಸವಿ ಎಂದಾಗ ಬಿಸಿಲು ಮಳೆಯ ಲೆಕ್ಕ ಮಾತ್ರ ಎಂದುಕೊಳ್ಳಬೇಡಿ. 1914ರ ಸುಗ್ಗಿಯಲ್ಲಿ ರೀಮ್ಸ್ ಮೇಲೆ ಜರ್ಮನ್ ತೋಪಿನ ಗುಂಡು ಬೀಳುತ್ತಿತ್ತು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರು. ಹೆಂಗಸರು, ಮುದುಕರು, ಮಕ್ಕಳು ದ್ರಾಕ್ಷಿ ಬಿಡಿಸಿದರು. ಊರ ಜನ ಇದೇ ಖಣಿಗಳಲ್ಲಿ ಸಂಸಾರ ಹೂಡಿದರು, ಮಕ್ಕಳಿಗೆ ಶಾಲೆಯೂ ಅಲ್ಲೇ ನಡೆಯಿತು. ಆ ವರ್ಷದ ವೈನು ಶತಮಾನದ ಉತ್ತಮ ವೈನುಗಳಲ್ಲೊಂದು ಎಂದು ಹೆಸರಾಯಿತು.

ನಮ್ಮ ಸೀಮೆಗೆ ಶಾಂಪೇನ್ ಹೊಸದೇನಲ್ಲ, ಹಾದುಹೋಗಿರಬೇಕು ಅಷ್ಟೇ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದ ಮೇಲೆ ಮುಂಬೈ ಬಂದರಿನ ವಿಲಾಯತಿ ಸಾಮಾನು ಹೈದರಾಬಾದಿಗೆ ಹೋಗಲು ಸಲೀಸು ದಾರಿ ಎಂದರೆ ಇದೇ. ರೆಸಿಡೆನ್ಸಿಯ ಸಾಹೇಬರ, ನವಾಬರ ಪೆಟ್ಟಿಗೆಗಳು ನಮ್ಮ ಜಂಕ್ಷನ್ನಿನಲ್ಲಿ ಬಿಸಿಲಿಗೆ ಬೆವರಿಕೊಂಡೇ ಹೋಗಿದ್ದಾವು. ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನ್ ಅವರ ಜಿಪುಣತನದ ಬಗ್ಗೆ ಕಾಲಿನ್ಸ್ ಮತ್ತು ಲಾಪಿಯರ್ ತಮ್ಮ ಪುಸ್ತಕದಲ್ಲಿ ಒಂದು ಕಥೆ ಹೇಳುತ್ತಾರೆ. ಔತಣದಲ್ಲಿ ಒಂದೇ ಬಾಟ್ಲಿ ಇಡಿಸಿ, ಅದು ತಮ್ಮ ಪಕ್ಕದ ಮೂರ್ನಾಲ್ಕು ಕುರ್ಚಿ ದಾಟದಂತೆ ನೋಡಿಕೊಳ್ಳುತ್ತಿದ್ದರಂತೆ. 1944ರಲ್ಲಿ ವೈಸರಾಯ್ ವೇವೆಲ್ ಬರುವುದೆಂದಾದಾಗ, ಯುದ್ಧದಿಂದ ರೇಟು ಏರಿದೆ, ಸಾಹೇಬರಿಗೆ ಶಾಂಪೇನ್ ಬೇಕೇ ಬೇಕೋ ಎಂದು ದಿಲ್ಲಿಗೆ ತಂತಿ ಕೊಡಿಸಿದರಂತೆ. ಜಗತ್ತಿನ ದೊಡ್ಡ ಶ್ರೀಮಂತ ಎನಿಸಿಕೊಂಡವರು. ನನಗೇನೋ ಅವರು ಕೇಳಿದ್ದು ಸರಿ ಎನಿಸುತ್ತದೆ. ಬೆಲೆ ಕೇಳಿ ಕುಡಿಯುವವನು ರುಚಿಯನ್ನೂ ಕೇಳುತ್ತಾನೆ. ಟಿವಿಯಲ್ಲಿ ಕಪ್ ಗೆದ್ದವರು ಬಾಟ್ಲಿ ಅಲುಗಿಸಿ ಒಬ್ಬರ ಮೇಲೊಬ್ಬರು ಎರಚಿಕೊಳ್ಳುವುದನ್ನು ನೋಡಿದಾಗ ನನಗೆ ಹಗೇವಿನ ಜೋಳ ಬೀದಿಗೆ ಚೆಲ್ಲಿದಷ್ಟು ಸಂಕಟ.

ದೀಪಾವಳಿಗೆ ಪ್ಯಾರಿಸ್ಸಿನಿಂದ ಬಂದ ತಂಗಿಯ ಮಗ ಧೋತರದಲ್ಲಿ ಸುತ್ತಿ ಒಂದು ಬಾಟ್ಲಿ ತಂದ. 2008ರದು. ಆ ಬೇಸಿಗೆ ಅಲ್ಲಿ ತಂಪು, ಮೋಡ. ಸೆಪ್ಟೆಂಬರಿನ ಬಿಸಿಲು ಬೆಳೆ ಉಳಿಸಿತಂತೆ. ಹಾಗಾಗಿ ಹುಳಿ ಗಟ್ಟಿ, ಆಯುಷ್ಯವೂ ಗಟ್ಟಿ. ಶಹಾಬಾದಿನಲ್ಲಿ ಫರ್ಸಿ ಪಾಲಿಶ್ ಮಷೀನು ಇಟ್ಟಿದ್ದ ನಮ್ಮ ಕಾಕಾ, ಜೊತೆಗೆ ಕಾಕು ಬಂದಿದ್ದರು. ತಂತಿಯನ್ನು ಆರು ಅರೆಸುತ್ತು ತಿರುವಿ ಬಿಚ್ಚಿ, ಬಿರಡೆಯನ್ನು ಹಿಡಿದುಕೊಂಡು ಬಾಟ್ಲಿಯನ್ನು ಮಾತ್ರ ತಿರುಗಿಸಿದ ಹುಡುಗ. ನಿಟ್ಟುಸಿರಿನಷ್ಟೇ ಸದ್ದು.

“ಢಂ ಅನ್ಲೇ ಇಲ್ಲಲ್ಲೋ ತಮ್ಮಾ” ಅಂದರು ಕಾಕಾ, ಮೋಸಹೋದವರಂತೆ.

“ಢಂ ಅಂದ್ರ ಗ್ಯಾಸ್ ಹೋಗ್ತದ ಮುತ್ಯಾ.”

ಉದ್ದನೆಯ ಕೊಳವೆಯಂಥ ಗ್ಲಾಸು ಹಳೆಯ ಶಾಂಪೇನಿಗೆ ತಕ್ಕದ್ದಲ್ಲ, ಮೂಗು ಇಳಿಯುವಷ್ಟು ಬಾಯಿ ಅಗಲ ಇರಬೇಕು. ಐಸಿನಂತೆ ತಣ್ಣಗೂ ಇರಬಾರದು, ವಾಸನೆ ಮುಚ್ಚಿಕೊಳ್ಳುತ್ತದೆ. ಕಾಕು ನೀರು ಕುಡಿಯುವ ಗಾಜಿನ ಗ್ಲಾಸನ್ನೇ ಸೆರಗಿನಲ್ಲಿ ಒರೆಸಿ ಕೊಟ್ಟರು. ಹುಡುಗ ಮುಖ ಕಿವಿಚಿದ, ನಾನು ಖುಷಿಪಟ್ಟೆ. ಗುಳ್ಳೆ ಶೂನ್ಯದಿಂದ ಹುಟ್ಟುವುದಿಲ್ಲ. ಗ್ಲಾಸಿಗಂಟಿದ ಹತ್ತಿಯ ಎಳೆಯೊಳಗೆ ಸಿಕ್ಕ ಗಾಳಿಯಿಂದ ಹೊರಡುತ್ತದೆ. ರೀಮ್ಸ್ ವಿಶ್ವವಿದ್ಯಾಲಯದ ಲಿಜೆ-ಬೆಲೇರ್ ಎಂಬ ಭೌತವಿಜ್ಞಾನಿ ಇದನ್ನೇ ಕ್ಯಾಮೆರಾ ಇಟ್ಟು ನೋಡಿದವರು. ಕಾಕು ಸೆರಗಿನ ನೂಲೆಳೆ ಎಲ್ಲೆಲ್ಲಿ ಕೂತಿತ್ತೋ ಅಲ್ಲಲ್ಲಿಂದ ಗುಳ್ಳೆಯ ಸಾಲು, ದಾರದಂತೆ ಸಣ್ಣಗೆ, ಮೇಲಕ್ಕೆ. ಮೊದಲ ಗುಟುಕಿಗೆ ನಿಂಬೆ, ಹಸಿ ಸೇಬು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರೆ ತವೆಯ ಮೇಲೆ ತುಸು ಹೆಚ್ಚೇ ಬೆಂದ ಚಪಾತಿಯ ಅಂಚು, ಬಾದಾಮಿ, ಕೊನೆಗೆ ಸುಣ್ಣದ ಒಗರು. ಒಗರು ನನ್ನ ಮನಸ್ಸಿನದೂ ಇರಬಹುದು. ಕಲ್ಲಿನ ರುಚಿ ಬೇರಿನಿಂದ ಹಣ್ಣಿಗೆ ಏರುತ್ತದೆ ಎನ್ನುವುದನ್ನು ಕೆಮಿಸ್ಟಾಗಿ ನಾನು ನಂಬುವುದಿಲ್ಲ.

ಕಾಕಾ ಬಾಯಿ ಚಪ್ಪರಿಸಿ, “ಹುಳಿ ಅದ. ನಮ್ಮ ಚಿಂಚೋಳಿ ಕಡಿ ಸೇಂದಿ ಮಧ್ಯಾಹ್ನ ಹನ್ನೆರಡಕ್ಕ ಹಿಂಗೇ ಇರ್ತಿತ್ತು” ಅಂದರು. ಮಾತು ಸುಳ್ಳಲ್ಲ. ಈಚಲ ಮರದಿಂದ ಬೆಳಿಗ್ಗೆ ಇಳಿಸಿದ್ದು ಸಿಹಿ, ಬಿಸಿಲೇರಿದಂತೆ ಯೀಸ್ಟು ಕೆಲಸ ಹತ್ತಿ ನೊರೆ, ಸಂಜೆಗೆ ಮೂಗು ಮುಚ್ಚುವ ಹುಳಿ. ಅದರ ವಿಂಟೇಜು ಗಂಟೆಯ ಲೆಕ್ಕದಲ್ಲಿ. “ಇದು ಯಾವ ಸಾಲಿಂದು ಅಂದಿ?” ಎಂದು ಮತ್ತೆ ಕೇಳಿದರು. ಅವರಿಗೆ ಸಾಲು ಎಂದರೆ ರಜಾಕಾರರ ಗಲಾಟೆ, ಎಪ್ಪತ್ತೆರಡರ ಬರ.

“ಎಪ್ಪತ್ತೆರಡರದು ಸಿಗ್ತದೇನು? ನಾವು ಗಂಜಿ ಕುಡದಾಗ ಅವರು ಏನ್ ಕುಡದ್ರು ನೋಡೋಣ.”

ಹುಡುಗ ಮೊಬೈಲ್ ತೆಗೆದು ನೋಡಿದ. “ಅಲ್ಲೂ ಆ ವರ್ಷ ಕೆಟ್ಟಿತ್ತು ಮುತ್ಯಾ. ಚಳಿ, ಬಿಸಿಲೇ ಬಿದ್ದಿಲ್ಲ. ಭಾಳ ಮಂದಿ ಇಸವಿ ಹಾಕಿಲ್ಲ.”

ಕಾಕಾ ಗ್ಲಾಸು ಕೆಳಗಿಟ್ಟರು. “ಬಿಸಿಲಾ? ಒಂದು ಕಾರ್ಡು ಹಾಕಿದ್ರ ವಾಡಿಯಿಂದ ಮಾಲ್‌ಗಾಡಿ ತುಂಬಿ ಕಳಿಸ್ತಿದ್ವಲ್ಲೋ.”